ಡಿಗ್ರಿಯಾ, ಪೈಲಟ್ ತರಬೇತಿಯಾ? ಹೇಳೋಕೆ ಇನ್ನು ಮೂರೇ ವಾರ

ಕಿಟಕಿಸೀಟು
ಎಲ್ಲರಿಗೂ ನಮಸ್ಕಾರ. ನನಗೆ 18 ತುಂಬಿ ನಾಲ್ಕು ತಿಂಗಳಾಯಿತು. ಯೂನಿವರ್ಸಿಟಿಯಲ್ಲಿ ಫಿಸಿಕ್ಸ್‌ಗೆ ಸೀಟು ಸಿಕ್ಕಿದೆ. ಒಂದು ಫ್ಲೈಯಿಂಗ್ ಸ್ಕೂಲಿನ ಪ್ರವೇಶ ಪರೀಕ್ಷೆಯೂ ಪಾಸಾಗಿದೆ. ಎರಡೂ ಕಡೆಗೆ ಉತ್ತರ ಕೊಡೋಕೆ ಇನ್ನು ಮೂರು ವಾರ ಇದೆ.

ಅಪ್ಪ "ಮೊದಲು ಡಿಗ್ರಿ ಮುಗಿಸು, ವಿಮಾನ ಎಲ್ಲೂ ಓಡಿಹೋಗಲ್ಲ" ಅನ್ನುತ್ತಾರೆ. ಅಮ್ಮ ಏನೂ ಹೇಳುವುದಿಲ್ಲ, ನನಗೆ ಅದೇ ಜಾಸ್ತಿ ಭಯ. ಫ್ಲೈಯಿಂಗ್ ಸ್ಕೂಲಿನವರು ದಿನ ಬಿಟ್ಟು ದಿನ ಫೋನ್ ಮಾಡುತ್ತಾರೆ. "ಈಗ ಸೇರಿದರೆ 20ಕ್ಕೆ ಕಾಕ್‌ಪಿಟ್‌ನಲ್ಲಿ ಕೂತಿರುತ್ತೀರಿ" ಅನ್ನುವುದು ಅವರ ಮಾತು.

ಫಿಸಿಕ್ಸ್ ಇಷ್ಟ ಇಲ್ಲ ಅಂತಲ್ಲ. ಆದರೆ ಪರೀಕ್ಷೆ ಬರೆಯುವಾಗ ಹೊರಗೆ ವಿಮಾನದ ಸದ್ದು ಕೇಳಿದರೂ ತಲೆ ಎತ್ತುತ್ತೇನೆ. ತರಬೇತಿಗೆ ದೊಡ್ಡ ಸಾಲ ಮಾಡಬೇಕು. ಡಿಗ್ರಿ ಮುಗಿಸಿ ಹೋದರೆ ತಡ ಆಗುತ್ತದಾ? ಡಿಗ್ರಿ ಇಲ್ಲದೆ ಹೋಗಿ ಆಮೇಲೆ ಕೈ ಹಿಸುಕಿಕೊಂಡವರು ಇದ್ದೀರಾ? ಎರಡನ್ನೂ ಒಟ್ಟಿಗೆ ಮಾಡಿದವರು?

ಹಳೇಕ್ಯಾಪ್ಟನ್
ಸೇರಿಬಿಡು ತಮ್ಮ. ಯೋಚನೆ ಮಾಡುತ್ತಾ ಕೂತರೆ ಮೂರು ವಾರ ಹೋಗಿ ಮೂರು ವರ್ಷ ಆಗುತ್ತದೆ.

ಹೊರಗಿನವರಿಗೆ ಗೊತ್ತಿಲ್ಲದ ಒಂದು ವಿಷಯ ಹೇಳುತ್ತೇನೆ. ಬಹಳಷ್ಟು ಏರ್‌ಲೈನ್‌ಗಳಲ್ಲಿ ಪೈಲಟ್‌ನ ಬದುಕು ನಡೆಯುವುದು ಒಂದು ನಂಬರಿನ ಮೇಲೆ. ಸೀನಿಯಾರಿಟಿ ನಂಬರ್. ಯಾವ ವಿಮಾನ, ಯಾವ ಊರು, ಯಾವ ರಜೆ, ಕ್ಯಾಪ್ಟನ್ ಆಗುವುದು ಯಾವಾಗ, ಎಲ್ಲವೂ ಅದರಿಂದಲೇ. ನಿನಗಿಂತ ಒಂದು ದಿನ ಮುಂಚೆ ಸೇರಿದವನು ನಿವೃತ್ತಿಯವರೆಗೂ ನಿನ್ನ ಮುಂದೆಯೇ ಇರುತ್ತಾನೆ. ಎಷ್ಟೇ ಚೆನ್ನಾಗಿ ಹಾರಿಸು, ಪಟ್ಟಿ ಬದಲಾಗುವುದಿಲ್ಲ.

ಕೊನೆಯ ಗಡಿಯೂ ಗಟ್ಟಿಯಾಗಿ ನಿಂತಿದೆ. ಅಂತರರಾಷ್ಟ್ರೀಯ ಹಾರಾಟಕ್ಕೆ ಮೊದಲು 60 ಇತ್ತು, 2006ರಲ್ಲಿ 65 ಮಾಡಿದರು. ನೀನು ನಾಲ್ಕು ವರ್ಷ ತಡವಾಗಿ ಶುರು ಮಾಡಿದರೆ ಕಳೆದುಕೊಳ್ಳುವುದು ಮೊದಲ ನಾಲ್ಕು ವರ್ಷದ ಸಂಬಳ ಅಲ್ಲ. ಕೊನೆಯ ನಾಲ್ಕು ವರ್ಷದ್ದು, ಕ್ಯಾಪ್ಟನ್ ಸಂಬಳ. ಆ ಲೆಕ್ಕವನ್ನು ಅಪ್ಪನಿಗೆ ತೋರಿಸು.

ಕಿಟಕಿಸೀಟು
ತಮ್ಮ ಅಲ್ಲ ಸರ್, ತಂಗಿ.

ಹಳೇಕ್ಯಾಪ್ಟನ್
ತಪ್ಪಾಯ್ತಮ್ಮ. ಸೀನಿಯಾರಿಟಿ ಪಟ್ಟಿಗೆ ಅದೆಲ್ಲ ಗೊತ್ತಾಗುವುದಿಲ್ಲ.

ತರಲೆ
"ವಿಮಾನ ಎಲ್ಲೂ ಓಡಿಹೋಗಲ್ಲ" ಅಂದ ಅಪ್ಪನಿಗೆ ಯಾರಾದರೂ ವಿಮಾನದ ಕೆಲಸ ಏನು ಅಂತ ಹೇಳಿ.

ಎರಡನೇಇನ್ನಿಂಗ್ಸ್
ಕ್ಯಾಪ್ಟನ್ ಸರ್ ಹೇಳಿದ್ದು ಸುಳ್ಳಲ್ಲ. ಆದರೆ ಅದು ಆಕಾಶ ತಿಳಿಯಾಗಿರುವ ದಿನದ ಲೆಕ್ಕ.

ನಾನು 19ಕ್ಕೆ ನೇರ ತರಬೇತಿಗೆ ಹೋದವನು. 22ಕ್ಕೆ ಬಲಗಡೆ ಸೀಟು, ಅಂದರೆ ಸಹ ಪೈಲಟ್ ಕೆಲಸ ಸಿಕ್ಕಿತು. 2020ರಲ್ಲಿ ಮನೆಗೆ ಕಳಿಸಿದರು. 2019ರಲ್ಲಿ ಜಗತ್ತಿನಲ್ಲೆಲ್ಲ ಸೇರಿ ಸುಮಾರು 450 ಕೋಟಿ ಪ್ರಯಾಣಿಕರು ಇದ್ದರು. ಮರುವರ್ಷ 180 ಕೋಟಿ. ಅಷ್ಟು ಜನ ಕಡಿಮೆಯಾದಾಗ ನಾನು ಎಷ್ಟು ಮೆತ್ತಗೆ ಇಳಿಸುತ್ತೇನೆ ಅನ್ನುವುದು ಯಾರಿಗೂ ಬೇಕಿರಲಿಲ್ಲ.

ಬೇರೆ ಕೆಲಸಕ್ಕೆ ಅರ್ಜಿ ಹಾಕೋಕೆ ಕೂತೆ. ಕಂಪ್ಯೂಟರ್ ಫಾರಂನಲ್ಲಿ "ಪದವಿ" ಅಂತ ಒಂದು ಖಾನೆ, ಪಕ್ಕದಲ್ಲಿ ಒಂದು ಕೆಂಪು ಚುಕ್ಕಿ. ಖಾಲಿ ಬಿಟ್ಟರೆ ಮುಂದಿನ ಪುಟ ತೆರೆಯುವುದಿಲ್ಲ. ಆರಿಸಿಕೊಳ್ಳಲು ಕೊಟ್ಟ ಪಟ್ಟಿಯಲ್ಲಿ ಪೈಲಟ್ ಲೈಸೆನ್ಸ್ ಇಲ್ಲ. ಅವತ್ತು ರಾತ್ರಿ ಆ ಕೆಂಪು ಚುಕ್ಕಿ ನೋಡಿಕೊಂಡು ಅರ್ಧ ಗಂಟೆ ಸುಮ್ನೆ ಕೂತಿದ್ದೆ. ಆಮೇಲೆ 14 ತಿಂಗಳು ಒಂದು ಗೋದಾಮಿನಲ್ಲಿ ಬಾರ್‌ಕೋಡ್ ಗನ್ ಹಿಡಿದು ಪೆಟ್ಟಿಗೆ ಎಣಿಸಿದೆ.

ಇನ್ನೊಂದು. ಲೈಸೆನ್ಸ್ ಕೈಯಲ್ಲಿದ್ದರೆ ಸಾಲದು. ಹೊರಗೆ ಏನೂ ಕಾಣದಾಗ ಮೀಟರ್‌ಗಳನ್ನು ನೋಡಿಯೇ ಹಾರಿಸುವ ಅರ್ಹತೆಗೆ ಇನ್‌ಸ್ಟ್ರುಮೆಂಟ್ ರೇಟಿಂಗ್ ಅಂತಾರೆ, ಯುರೋಪಿನ ನಿಯಮದಲ್ಲಿ ಅದಕ್ಕೆ ಒಂದೇ ವರ್ಷ ಆಯಸ್ಸು. ಪ್ರತಿ ವರ್ಷ ಪರೀಕ್ಷಕರ ಜೊತೆ ಹಾರಿ ಮತ್ತೆ ಪಾಸಾಗಬೇಕು, ಅದಕ್ಕೆ ಮತ್ತೆ ಹಣ. ಕೆಲಸ ಇಲ್ಲದವನು ಎಲ್ಲಿಂದ ತರುತ್ತಾನೆ? ಡಿಗ್ರಿಗೆ ಈ ಕಾಟ ಇಲ್ಲ. ಟ್ರಂಕಿನಲ್ಲಿ ಇಟ್ಟರೂ ಕೆಡುವುದಿಲ್ಲ.

ಹಳೇಕ್ಯಾಪ್ಟನ್
2001ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಮೇಲೆ ದಾಳಿ ಆದ ಮೇಲೆ ನನ್ನನ್ನೂ ಕಳಿಸಿದ್ದರು ಗುರು. ನನ್ನ ಹತ್ತಿರ ಡಿಗ್ರಿ ಇತ್ತು. ಕಾಮರ್ಸ್. ಹತ್ತು ವರ್ಷ ಲೆಡ್ಜರ್ ಮುಖ ನೋಡದ ಬಿಕಾಂ ಅನ್ನು ಯಾರು ಮೂಸುತ್ತಾರೆ? ಟ್ರಂಕಿನಲ್ಲಿ ಕೆಡುವುದಿಲ್ಲ ಅಂದೆಯಲ್ಲ, ಕೆಡುತ್ತದೆ. ವಾಸನೆ ಬರುವುದಿಲ್ಲ ಅಷ್ಟೇ.

ಎರಡನೇಇನ್ನಿಂಗ್ಸ್
ಕೆಟ್ಟ ಡಿಗ್ರಿಯೂ ಕೆಂಪು ಚುಕ್ಕಿ ದಾಟಿಸುತ್ತದೆ ಸರ್.

ಹಳೇಕ್ಯಾಪ್ಟನ್
ಅದನ್ನು ಒಪ್ಪಿದೆ.

ಕಣ್ಣುಕೊಟ್ಟೋನು
ಇಬ್ಬರೂ ಸ್ವಲ್ಪ ನಿಲ್ಲಿ. ಮೊದಲ ಪ್ರಶ್ನೆಯನ್ನೇ ಯಾರೂ ಕೇಳಿಲ್ಲ. ತಂಗೀ, ಕ್ಲಾಸ್ 1 ಮೆಡಿಕಲ್, ಅಂದರೆ ವೃತ್ತಿಪರ ಪೈಲಟ್‌ಗೆ ಬೇಕಾದ ಆರೋಗ್ಯ ಪರೀಕ್ಷೆ, ಆಗಿದೆಯಾ?

ನನ್ನ ಕಥೆ ಕೇಳಿ. ಮೊದಲ ಕಂತು ಕಟ್ಟಿದೆ. ಯೂನಿಫಾರ್ಮ್ ಹೊಲಿಸಿದೆ. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಅಂತಾರಲ್ಲ, ಅದೇ. ಮೆಡಿಕಲ್‌ನಲ್ಲಿ ಬಣ್ಣದ ಚುಕ್ಕಿಗಳ ಪುಸ್ತಕ ಇಟ್ಟರು, ಇಶಿಹಾರಾ ಅಂತ. "ಯಾವ ಅಂಕಿ ಕಾಣುತ್ತದೆ?" ಅಂದರು. ಮೊದಲ ಹಾಳೆ 12. ಮುಂದಿನದರಲ್ಲಿ ನನಗೆ ಅಂಕಿಯೇ ಕಾಣಲಿಲ್ಲ. ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಡಾಕ್ಟರ್ ನಗಲಿಲ್ಲ. ಅಲ್ಲಿಯವರೆಗೂ 19 ವರ್ಷ ಕೆಂಪು ಹಸಿರು ಸರಿಯಾಗಿ ಕಾಣುವುದಿಲ್ಲ ಅಂತ ನನಗೇ ಗೊತ್ತಿರಲಿಲ್ಲ.

ಮುಂದಿನ ಹಂತದ ಪರೀಕ್ಷೆ ಇತ್ತು, ಅದರಲ್ಲೂ ಆಗಲಿಲ್ಲ. ಕಟ್ಟಿದ ಹಣದಲ್ಲಿ ಅರ್ಧವೂ ವಾಪಸ್ ಬರಲಿಲ್ಲ. ಈಗ ಸಾಫ್ಟ್‌ವೇರ್. ಗೋಳೇನಿಲ್ಲ, ಆರಾಮಾಗಿದ್ದೇನೆ. ಆದರೆ ಮೆಡಿಕಲ್ ಮೊದಲು ಮಾಡಿಸಿದ್ದರೆ ಒಂದು ದಿನದ ಕೆಲಸ ಆಗಿತ್ತು.

ತರಲೆ
ಬಣ್ಣ ಕಾಣದಿದ್ದರೆ ಏನಂತೆ, ಆಕಾಶದಲ್ಲಿ ಸಿಗ್ನಲ್ ಲೈಟ್ ಇದೆಯಾ?

ಟವರ್ರಾತ್ರಿಪಾಳಿ
ಇದೆ. ರೇಡಿಯೋ ಕೆಟ್ಟರೆ ನಾವು ಟವರ್‌ನಿಂದ ಲೈಟ್ ಗನ್ ಹಿಡಿಯುತ್ತೇವೆ. ಹಾರುತ್ತಿರುವವರಿಗೆ ನಿಂತ ಹಸಿರು ಅಂದರೆ ಇಳಿಯಬಹುದು, ನಿಂತ ಕೆಂಪು ಅಂದರೆ ಬೇರೆ ವಿಮಾನಕ್ಕೆ ದಾರಿ ಬಿಟ್ಟು ಸುತ್ತುತ್ತಿರಿ. ರನ್‌ವೇ ಪಕ್ಕದ ನಾಲ್ಕು ದೀಪಗಳೂ ಬಣ್ಣದ ಮೇಲೆಯೇ ನಡೆಯುತ್ತವೆ. ಎರಡು ಬಿಳಿ ಎರಡು ಕೆಂಪು ಕಂಡರೆ ಎತ್ತರ ಸರಿ. ನಾಲ್ಕೂ ಕೆಂಪು ಕಂಡರೆ ತೀರಾ ಕೆಳಗಿದ್ದೀರಿ.

ಕಿಟಕಿಸೀಟು
ಮೆಡಿಕಲ್ ಮಾಡಿಸಿಲ್ಲ. ಸೇರಿದ ಮೇಲೆ ನಾವೇ ಕರೆದುಕೊಂಡು ಹೋಗುತ್ತೇವೆ ಅಂದಿದ್ದಾರೆ. ನನಗೆ ಕನ್ನಡಕ ಇದೆ, ಮೈನಸ್ ಮೂರು. ಅಲ್ಲಿಗೆ ಮುಗೀತಾ?

ಬಿಳಿಕೋಟು
ಇಲ್ಲಮ್ಮ. ಈ ಸುಳ್ಳು ಸುದ್ದಿ ಎಷ್ಟು ಮಕ್ಕಳ ಆಸೆ ಚಿವುಟಿದೆಯೋ. ಕನ್ನಡಕ ಹಾಕಿಕೊಂಡು ಒಂದೊಂದು ಕಣ್ಣಿಗೂ 6/9, ಎರಡೂ ಸೇರಿ 6/6 ಬಂದರೆ ಐಕಾವೊ (ವಿಶ್ವಸಂಸ್ಥೆಯ ವಿಮಾನಯಾನ ಸಂಸ್ಥೆ) ಮಾನದಂಡಕ್ಕೆ ಸಾಕು. ಹಾರುವಾಗ ಹಾಕಿಕೊಂಡಿರಬೇಕು, ಇನ್ನೊಂದು ಜೊತೆ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಬೇಕು, ಅಷ್ಟೇ. ಆದರೆ ಹೃದಯ, ಕಿವಿ, ರಕ್ತ, ಮನಸ್ಸಿನ ಆರೋಗ್ಯ ಎಲ್ಲ ನೋಡುತ್ತಾರೆ. ಸೇರಿದ ಮೇಲೆ ಅಲ್ಲ, ಸೇರುವ ಮೊದಲೇ ನೀವೇ ಹೋಗಿ ಮಾಡಿಸಿ.

ಮತ್ತೆ, ಇದು ಒಮ್ಮೆ ಪಾಸಾದರೆ ಮುಗಿಯುವ ಪರೀಕ್ಷೆಯಲ್ಲ. ವರ್ಷಕ್ಕೊಮ್ಮೆ ಮಾಡಿಸುತ್ತಲೇ ಇರಬೇಕು, ವಯಸ್ಸಾದ ಹಾಗೆ ಇನ್ನೂ ಬೇಗ ಬೇಗ. 35ಕ್ಕೆ ಸಕ್ಕರೆ ಕಾಯಿಲೆ ಬಂದರೆ ಮೇಷ್ಟ್ರ ಕೆಲಸ ಹೋಗುವುದಿಲ್ಲ. ಪೈಲಟ್ ಕೆಲಸ ಹೋಗಬಹುದು.

ಲೆಕ್ಕದಮೇಷ್ಟ್ರು
ನನ್ನ ಹೆಸರು ಬಂತು ಅಂತ ಬಂದೆ.

ಯೂನಿವರ್ಸಿಟಿಯಲ್ಲಿ 26 ವರ್ಷ ಪಾಠ ಮಾಡಿದ್ದೇನೆ. ಇಲ್ಲಿ ಎಲ್ಲರೂ ಡಿಗ್ರಿಯನ್ನು ಇನ್ಶೂರೆನ್ಸ್ ಪಾಲಿಸಿ ತರಹ ನೋಡುತ್ತಿದ್ದೀರಿ. ವಿಮಾನ ಕೆಟ್ಟರೆ ಇಳಿಯಲು ಒಂದು ಪ್ಯಾರಾಚೂಟ್. ಆ ಮನಸ್ಸಿನಲ್ಲಿ ಬರುವ ಹುಡುಗರು ಹಿಂದಿನ ಬೆಂಚಿನಲ್ಲಿ ಕೂತು ಮೂರು ವರ್ಷ ಕಿಟಕಿ ನೋಡುತ್ತಾರೆ. ಪುಟ್ಟಿ, ನಿನ್ನ ಹೆಸರೇ ಕಿಟಕಿಸೀಟು, ಅದಕ್ಕೇ ಹೇಳುತ್ತಿದ್ದೇನೆ. ಫಿಸಿಕ್ಸ್ ನಿಜವಾಗಿ ಇಷ್ಟ ಇದ್ದರೆ ಬಾ. ಅಪ್ಪನ ಸಮಾಧಾನಕ್ಕೆ ಬರಬೇಡ.

ಒಟ್ಟಿಗೆ ಮಾಡಿದವರು ಇದ್ದೀರಾ ಅಂದೆಯಲ್ಲ. ನೀಲ್ ಆರ್ಮ್‌ಸ್ಟ್ರಾಂಗ್ ಇದ್ದಾರೆ. ಕಾರ್ ಲೈಸೆನ್ಸ್‌ಗೆ ಮುಂಚೆ ವಿಮಾನದ ಲೈಸೆನ್ಸ್ ತೆಗೆದುಕೊಂಡವರು. 1947ರಲ್ಲಿ ಪರ್ಡ್ಯೂ ಯೂನಿವರ್ಸಿಟಿ ಸೇರಿದರು. ಒಂದೂವರೆ ವರ್ಷ ಓದು, ಆಮೇಲೆ ನೌಕಾಪಡೆಯ ಪೈಲಟ್ ತರಬೇತಿ, ಕೊರಿಯಾ ಯುದ್ಧ, ಮತ್ತೆ ವಾಪಸ್ ಕ್ಲಾಸಿಗೆ. ಡಿಗ್ರಿ ಬಂದಿದ್ದು 1955ರಲ್ಲಿ. ಮಧ್ಯೆ ಬಿಟ್ಟುಹೋಗಿ ವಾಪಸ್ ಬಂದರೆ ಪ್ರಳಯ ಆಗುವುದಿಲ್ಲ.

ತರಲೆ
ಅಪ್ಪನ ಹತ್ತಿರ ಹೋಗಿ "ಬೇಡ ಬಿಡಿ, ನಾನು ಚಂದ್ರನಿಗೆ ಹೋಗುತ್ತೇನೆ" ಅನ್ನು. ಪೈಲಟ್ ತರಬೇತಿಗೆ ಅವರೇ ಫೀಸ್ ಕಟ್ಟುತ್ತಾರೆ.

ಗಾಳಿಪಟ
ಆರ್ಮ್‌ಸ್ಟ್ರಾಂಗ್‌ಗೆ ಎರಡಕ್ಕೂ ನೌಕಾಪಡೆಯೇ ಹಣ ಕೊಟ್ಟಿತ್ತು ಮೇಷ್ಟ್ರೇ. ಆ ಉದಾಹರಣೆಯಲ್ಲಿ ಸಾಲದ ಮಾತೇ ಇಲ್ಲ.

ಲೆಕ್ಕದಮೇಷ್ಟ್ರು
ಸರಿ ಹೇಳಿದಿರಿ. ಅದು ಬಿಟ್ಟುಹೋಯಿತು.

ಸ್ಪ್ಯಾನರ್
ನಾನು ವಿಮಾನ ರಿಪೇರಿ ಮಾಡುವವನು. ಒಂದು ತಪ್ಪು ತಿಳುವಳಿಕೆ ಇಲ್ಲಿ ಯಾರಿಗಾದರೂ ಇದ್ದರೆ ಇವತ್ತೇ ಬಿಟ್ಟುಬಿಡಿ. ಏರೋನಾಟಿಕಲ್ ಇಂಜಿನಿಯರಿಂಗ್ ಓದಿದರೆ ಪೈಲಟ್ ಆಗುವುದಿಲ್ಲ. ರಿಪೇರಿ ಮಾಡಿ ಸಹಿ ಹಾಕುವ ಹಕ್ಕೂ ಬರುವುದಿಲ್ಲ. ಮೂರಕ್ಕೂ ದಾರಿ ಬೇರೆ ಬೇರೆ. ನನ್ನ ಜೊತೆ ಸೇರಿದವರಲ್ಲಿ ಇಬ್ಬರು ನಾಲ್ಕು ವರ್ಷ ಇಂಜಿನಿಯರಿಂಗ್ ಓದಿ, ಅದೇ ಪೈಲಟ್ ಕೋರ್ಸ್ ಅಂದುಕೊಂಡಿದ್ದರು. ನಗಬೇಡಿ, ನಿಜ.

ಕಿಟಕಿಸೀಟು
ಅಪ್ಪನೂ ಹಾಗೇ ಅಂದುಕೊಂಡಿದ್ದರು. ಈಗಷ್ಟೇ ಇದನ್ನು ಓದಿ ಹೇಳಿದೆ. ಎದ್ದು ಹೊರಗೆ ಹೋದರು.

ಬೋಧಕಿ172
ನಾನು ಸೆಸ್ನಾ 172ರಲ್ಲಿ ಪಾಠ ಹೇಳುತ್ತೇನೆ, 11 ವರ್ಷದಿಂದ. 1955ರಲ್ಲಿ ಮೊದಲು ಹಾರಿದ ವಿಮಾನ ಅದು, ಈವರೆಗೆ 44,000ಕ್ಕಿಂತ ಜಾಸ್ತಿ ಮಾಡಿದ್ದಾರೆ. ಇನ್ನೂ ಅದರಲ್ಲೇ ಕಲಿಯುತ್ತಾರೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

"20ಕ್ಕೆ ಕಾಕ್‌ಪಿಟ್" ಅನ್ನುವ ಮಾತನ್ನು ನಂಬಬೇಡಿ. ಕಾಗದದ ಮೇಲೆ ಸರಿ ಇದೆ. ಐಕಾವೊ ಪ್ರಕಾರ ಕಮರ್ಷಿಯಲ್ ಲೈಸೆನ್ಸ್‌ಗೆ 18 ವರ್ಷ ವಯಸ್ಸು, 200 ಗಂಟೆ ಹಾರಾಟ. ಮಾನ್ಯತೆ ಇರುವ ಪೂರ್ಣ ಕೋರ್ಸ್ ಆದರೆ 150. ಅದರಲ್ಲಿ ಕನಿಷ್ಠ 540 ಕಿಲೋಮೀಟರಿನ ಒಂದು ಪ್ರಯಾಣ ಇರಬೇಕು. ದಾರಿಯಲ್ಲಿ ಎರಡು ಬೇರೆ ಬೇರೆ ಕಡೆ ಇಳಿದು ನಿಲ್ಲಿಸಬೇಕು. ದಿನಕ್ಕೆ ಒಂದು ಗಂಟೆ ಅಂದರೂ ಏಳು ತಿಂಗಳು ಅಂತ ಲೆಕ್ಕ ಹಾಕುತ್ತೀರಿ. ನಾನೂ ಹಾಕಿದ್ದೆ. ಆದರೆ ಇವತ್ತು ಮೋಡ. ನಾಳೆ ಅಡ್ಡಗಾಳಿ. ನಾಡಿದ್ದು ವಿಮಾನಕ್ಕೆ 100 ಗಂಟೆಯ ತಪಾಸಣೆ. ಆಚೆ ನಾಡಿದ್ದು ವಿಮಾನ ಇದೆ, ನಿಮ್ಮ ಮುಂದೆ ಆರು ಜನ ಕ್ಯೂನಲ್ಲಿ ಇದ್ದಾರೆ. ಒಂದೂವರೆ ವರ್ಷ ಅಂತ ಹೇಳಿ ಸೇರಿಸಿಕೊಂಡವರು ಮೂರನೇ ವರ್ಷದಲ್ಲೂ ಕೂತಿರುವುದನ್ನು ನೋಡಿದ್ದೇನೆ. ಸ್ಕೂಲಿಗೆ ಹೋದಾಗ ಆಫೀಸಿನಲ್ಲಿ ಕೂರಬೇಡಿ. ವಿಮಾನ ನಿಲ್ಲಿಸುವ ಹ್ಯಾಂಗರ್‌ಗೆ ಹೋಗಿ. ಹಾರುವ ಸ್ಥಿತಿಯಲ್ಲಿ ಎಷ್ಟು ವಿಮಾನ ಇದೆ, ಎಷ್ಟು ವಿದ್ಯಾರ್ಥಿಗಳಿದ್ದಾರೆ, ಕಳೆದ ತಿಂಗಳು ಒಬ್ಬೊಬ್ಬರು ಎಷ್ಟು ಗಂಟೆ ಹಾರಿದರು ಅಂತ ಹುಡುಗರನ್ನೇ ಕೇಳಿ. ಅವರು ಸುಳ್ಳು ಹೇಳುವುದಿಲ್ಲ, ಅವರಿಗೆ ಹೇಳಿಕೊಳ್ಳೋಕೆ ಜನ ಬೇಕಾಗಿರುತ್ತದೆ.

ಈಗ ಮೇಷ್ಟ್ರಿಗೆ. ನನ್ನ ಹತ್ತಿರ ಒಬ್ಬ ಹುಡುಗ ಬಂದಿದ್ದ, ಫಿಸಿಕ್ಸ್‌ನಲ್ಲಿ ಎಂಎಸ್‌ಸಿ, ಮೊದಲ ದರ್ಜೆ. ಪ್ರತಿ ಹಾರಾಟಕ್ಕೂ ಮುಂಚೆ ರೆಕ್ಕೆಯ ಕೆಳಗಿನ ತೂತಿನಿಂದ ಒಂದು ಪಾರದರ್ಶಕ ಕಪ್ಪಿಗೆ ಸ್ವಲ್ಪ ಇಂಧನ ಇಳಿಸಿ ನೋಡುತ್ತೇವೆ. ಸಣ್ಣ ವಿಮಾನದ ಪೆಟ್ರೋಲಿಗೆ ತೆಳು ನೀಲಿ ಬಣ್ಣ ಹಾಕಿರುತ್ತಾರೆ. ನೀರು ಸೇರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ರಾತ್ರಿಯೆಲ್ಲ ಮಳೆ ಬಂದಿತ್ತು. ಇವನು ಕಪ್ ಎತ್ತಿ ಬೆಳಕಿಗೆ ಹಿಡಿದ. ಗೆರೆ ಇಲ್ಲ, ಗುಳ್ಳೆ ಇಲ್ಲ, ಗಾಜಿನ ಹಾಗೆ ತಿಳಿ. "ಕ್ಲೀನ್ ಇದೆ ಮೇಡಂ" ಅಂದ. ನಾನು "ನೀಲಿ ಎಲ್ಲಿ?" ಅಂದೆ. ಅವನು ಕಪ್ಪನ್ನೇ ನೋಡುತ್ತಾ ನಿಂತ. ಕಪ್ ತುಂಬಾ ಇದ್ದದ್ದು ಬರೀ ನೀರು. ಬೇರೆಯಾಗಿ ನಿಲ್ಲೋಕೆ ಪೆಟ್ರೋಲೇ ಇರಲಿಲ್ಲ. ಸಾಂದ್ರತೆಯ ಬಗ್ಗೆ ಅವನು ನನಗೆ ಪಾಠ ಹೇಳಬಲ್ಲ. ಅದೇ ಸಾಂದ್ರತೆ ಕೈಯಲ್ಲಿ ಕೂತಿದ್ದಾಗ ಗುರುತು ಸಿಗಲಿಲ್ಲ.

ಆದರೆ ಅದೇ ಹುಡುಗ ಥಿಯರಿ ಪರೀಕ್ಷೆಗಳನ್ನು ಮೊದಲ ಸಲಕ್ಕೇ ಮುಗಿಸಿದ. ಯುರೋಪಿನಲ್ಲಿ 13 ವಿಷಯ, ಪ್ರತಿಯೊಂದರಲ್ಲೂ ನೂರಕ್ಕೆ 75 ಬೇಕು, ಮೊದಲ ಪರೀಕ್ಷೆಯಿಂದ 18 ತಿಂಗಳೊಳಗೆ ಎಲ್ಲ ಮುಗಿಯಬೇಕು. ಕೂತು ಓದುವ ಅಭ್ಯಾಸ ಇಲ್ಲದ 18ರ ಮಕ್ಕಳು ಅಲ್ಲಿ ಒದ್ದಾಡುತ್ತಾರೆ. ಆ ಅಭ್ಯಾಸ ಅವನಿಗೆ ಎಲ್ಲಿಂದ ಬಂತು ಅಂತ ನಾನು ಹೇಳಬೇಕಿಲ್ಲ.

ಲೆಕ್ಕದಮೇಷ್ಟ್ರು
ಮೊದಲು ಹೊಡೆದು ಆಮೇಲೆ ಸವರಿದಿರಿ ಮೇಡಂ. ಆ ಕಪ್ಪಿನ ಕಥೆಯನ್ನು ನಾಳೆ ಕ್ಲಾಸಿನಲ್ಲಿ ಹೇಳುತ್ತೇನೆ.

ಗಾಳಿಪಟ
200 ಗಂಟೆ ಆದ ತಕ್ಷಣ ಏರ್‌ಲೈನ್ ಕರೆಯುತ್ತದೆ ಅಂದುಕೊಳ್ಳಬೇಡಿ. ಅದು ಯಾವ ದೇಶ ಅನ್ನುವುದರ ಮೇಲಿದೆ. ಅಮೆರಿಕದಲ್ಲಿ 2013ರಿಂದ ಪ್ರಯಾಣಿಕರ ಏರ್‌ಲೈನ್‌ನ ಬಲಗಡೆ ಸೀಟಿಗೂ 1,500 ಗಂಟೆ ಕೇಳುತ್ತಾರೆ. ಆದರೆ ಇಲ್ಲೇ ಮಜಾ ಇರುವುದು. ಮಾನ್ಯತೆ ಇರುವ ಕಾಲೇಜಿನಿಂದ ವಿಮಾನಯಾನದಲ್ಲಿ ನಾಲ್ಕು ವರ್ಷದ ಡಿಗ್ರಿ ಮಾಡಿ, ಹಾರಾಟವನ್ನೂ ಅದರ ಭಾಗವಾಗಿ ಕಲಿತರೆ 1,000 ಸಾಕು. ಅಂದರೆ ಡಿಗ್ರಿ 500 ಗಂಟೆ ಉಳಿಸುತ್ತದೆ. ಎರಡು ದಾರಿ ಅಲ್ಲವೇ ಅಲ್ಲ ಅದು, ಒಂದೇ ದಾರಿ.

ಎರಡನೇಇನ್ನಿಂಗ್ಸ್
1,500ರ ನಿಯಮ ಬಂದದ್ದು 2009ರಲ್ಲಿ ಬಫೆಲೋ ಹತ್ತಿರ ಆದ ಅಪಘಾತದ ನಂತರ, ಅನುಭವ ಇಲ್ಲದ ಪೈಲಟ್‌ಗಳು ಅಂತ.

ಟವರ್ರಾತ್ರಿಪಾಳಿ
ಅನುಭವ ಇಲ್ಲದವರಲ್ಲ. ಆ ವಿಮಾನದ ಇಬ್ಬರು ಪೈಲಟ್‌ಗಳಿಗೂ 1,500ಕ್ಕಿಂತ ಜಾಸ್ತಿ ಗಂಟೆ ಇತ್ತು. ಸ್ಟಾಲ್ (ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯಲಾರದ ಸ್ಥಿತಿ) ಎಚ್ಚರಿಕೆ ಬಂದಾಗ ಮೂಗು ಇಳಿಸುವ ಬದಲು ಮೇಲಕ್ಕೆ ಎಳೆದರು. ಗಂಟೆ ಎಣಿಸಿದರೆ ಆ ತಪ್ಪು ಸರಿಹೋಗುತ್ತದಾ ಅಂತ ಅವತ್ತಿನಿಂದ ಇವತ್ತಿನವರೆಗೂ ಜಗಳ ನಡೆಯುತ್ತಿದೆ.

ಎರಡನೇಇನ್ನಿಂಗ್ಸ್
ಹೌದು, ನಾನು ಅವಸರದಲ್ಲಿ ಬರೆದೆ.

ಹಳೇಕ್ಯಾಪ್ಟನ್
ಅಮೆರಿಕದ ಮಾತು ಬಂತು ಅಂತ. ಅಲ್ಲಿನ ದೊಡ್ಡ ಏರ್‌ಲೈನ್‌ಗಳು ಡಿಗ್ರಿ ಕಡ್ಡಾಯ ಅನ್ನುತ್ತಿದ್ದ ಕಾಲ ಇತ್ತು. ಡೆಲ್ಟಾ 2022ರ ಜನವರಿಯಲ್ಲಿ ಆ ಷರತ್ತು ತೆಗೆಯಿತು. ಈಗ "ಇದ್ದರೆ ಒಳ್ಳೆಯದು" ಅಷ್ಟೇ.

ಎರಡನೇಇನ್ನಿಂಗ್ಸ್
ಪೈಲಟ್ ಕಡಿಮೆಯಾದಾಗ "ಇದ್ದರೆ ಒಳ್ಳೆಯದು". ಪೈಲಟ್ ಜಾಸ್ತಿಯಾದಾಗ ಏನನ್ನುತ್ತಾರೆ ನೋಡಿ.

ಸುಮ್ನೆಓದುಗ
ವಿಷಯಕ್ಕೆ ಸಂಬಂಧ ಇಲ್ಲ. ಹಡ್ಸನ್ ನದಿಯ ಮೇಲೆ ವಿಮಾನ ಇಳಿಸಿದ ಸಲ್ಲೆನ್‌ಬರ್ಗರ್ ಏನು ಓದಿದ್ದರು?

ಗಾಳಿಪಟ
ಸೈಕಾಲಜಿ. ವಾಯುಪಡೆಯ ಅಕಾಡೆಮಿಯಲ್ಲಿ, 1973.

ತರಲೆ
ನೋಡಿದಿರಾ, ಫಿಸಿಕ್ಸ್ ಬೇಡ.

ಸುಮ್ನೆಓದುಗ
ಇನ್ನೊಂದು. ನಿಮ್ಮ ಹೆಡ್‌ಸೆಟ್‌ಗಳಲ್ಲಿ ಸದ್ದು ಕಡಿಮೆ ಮಾಡುವ ಬಗೆ ಇರುತ್ತದಲ್ಲ, ಅದನ್ನು ಮನೆಯಲ್ಲಿ ಹಾಕಿಕೊಳ್ಳಬಹುದಾ? ಪಕ್ಕದ ಮನೆಯಲ್ಲಿ ಡ್ರಿಲ್ಲಿಂಗ್.

ಬೋಧಕಿ172
ಪ್ಲಗ್ ಬೇರೆ ಇರುತ್ತದೆ. ಆದರೂ ಕಿವಿಗೆ ಹಾಕಿಕೊಂಡು ಕೂರಬಹುದು. ಯಾರಾದರೂ ನೋಡಿದರೆ ನಾನು ಜವಾಬ್ದಾರಳಲ್ಲ.

ಅಮ್ಮನಪರ
ಇಲ್ಲಿ ಎಲ್ಲರೂ ಅಪ್ಪನ ಬಗ್ಗೆ ಮಾತಾಡಿದಿರಿ. ಅಮ್ಮ ಏನೂ ಹೇಳುವುದಿಲ್ಲ ಅಂತ ಮಗು ಬರೆದಿದೆ. ನಾನೂ ಅಂಥ ಅಮ್ಮ. ನನ್ನ ಮಗ ಪೈಲಟ್ ತರಬೇತಿಗೆ ಹೋದ.

ನಾನು ಸುಮ್ಮನಿದ್ದದ್ದು ವಿಮಾನ ಬೀಳುತ್ತದೆ ಅನ್ನುವ ಭಯಕ್ಕಲ್ಲ. ಸಾಲದ ಕಾಗದಕ್ಕೆ ನಾನು ಸಹಿ ಹಾಕಬೇಕಿತ್ತು, ಮನೆ ಅಡ ಇಟ್ಟು. ಬೇಡ ಅಂದರೆ ಆಸೆಗೆ ಕಲ್ಲು ಹಾಕಿದವಳು ನಾನು. ಹೂಂ ಅಂದರೆ ನಾಳೆ ಮನೆ ಹೋದರೆ ಅವನು ಜೀವನ ಪೂರ್ತಿ ನನ್ನ ಮುಖ ನೋಡಲಾರ. ಅವನು ಪಾಸಾದ, ಲೈಸೆನ್ಸ್ ಬಂತು. ಆದರೆ ಕೆಲಸ ಸಿಗಲು ಎರಡೂವರೆ ವರ್ಷ ಆಯಿತು. ಆ ದಿನಗಳಲ್ಲಿ ತಿಂಗಳ ಐದನೇ ತಾರೀಕು ಬಂದರೆ ಮನೆಯಲ್ಲಿ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಅವತ್ತು ಕಂತು.

ಈಗ ಚೆನ್ನಾಗಿದ್ದಾನೆ, ದೇವರ ದಯೆ. ಆದರೂ ಹೇಳುತ್ತೇನೆ. ಡಿಗ್ರಿ ಕೈಕೊಟ್ಟರೆ ಮೂರು ವರ್ಷ ಹೋಗುತ್ತದೆ. ಇದು ಕೈಕೊಟ್ಟರೆ ಮನೆ ಹೋಗುತ್ತದೆ. ಮಗಳೇ, ಅಮ್ಮನ ಹತ್ತಿರ ಕೂತು ಸಾಲ ಯಾವುದರ ಮೇಲೆ ಅಂತ ಕೇಳು. ಅವರು ಅದಕ್ಕೇ ಸುಮ್ಮನಿರಬಹುದು.

ಕಿಟಕಿಸೀಟು
ಆಂಟಿ, ಕೇಳಿದೆ. ಹೌದು.

ಹಳೇಕ್ಯಾಪ್ಟನ್
ನಾನು ಮೊದಲು ಬರೆದದ್ದನ್ನು ಸ್ವಲ್ಪ ತಿದ್ದಿಕೊಳ್ಳುತ್ತೇನೆ. ನನ್ನ ಕಾಲದಲ್ಲಿ ನನಗೆ ಒಬ್ಬರು ಹಣ ಕೊಟ್ಟಿದ್ದರು, ಬಡ್ಡಿ ಇಲ್ಲದೆ. ಅದನ್ನು ಹೇಳದೆ "ಸೇರಿಬಿಡು" ಅಂದದ್ದು ತಪ್ಪು. ಏರ್‌ಲೈನ್‌ಗಳೇ ತಮಗೆ ಬೇಕಾದ ಪೈಲಟ್‌ಗಳನ್ನು ಆರಿಸಿ ತರಬೇತಿ ಕೊಡಿಸುವ ಕ್ಯಾಡೆಟ್ ಯೋಜನೆಗಳಿವೆ, ಕೆಲವದರಲ್ಲಿ ಹಣದ ಭಾರ ಅವರೂ ಹೊರುತ್ತಾರೆ. ಸ್ಪರ್ಧೆ ಜಾಸ್ತಿ. ಒಪ್ಪಂದ ಸರಿಯಾಗಿ ಓದಬೇಕು. ಎಷ್ಟು ವರ್ಷ ಬಿಡುವ ಹಾಗಿಲ್ಲ, ಮಧ್ಯೆ ಕಂಪನಿಯೇ ಮುಚ್ಚಿದರೆ ಸಾಲ ಯಾರದು ಅಂತ.

ಗಾಳಿಪಟ
ಕ್ಯಾಡೆಟ್ ಯೋಜನೆಯಲ್ಲಿ ಎಂಪಿಎಲ್ (ಮಲ್ಟಿ ಕ್ರೂ ಪೈಲಟ್ ಲೈಸೆನ್ಸ್) ಕೊಡುತ್ತಾರಾ ಅಂತಲೂ ನೋಡಿ. 2006ರಲ್ಲಿ ಬಂದ ಲೈಸೆನ್ಸ್ ಅದು, ಸಿಮ್ಯುಲೇಟರೂ ಸೇರಿ 240 ಗಂಟೆ. ನೇರ ದೊಡ್ಡ ವಿಮಾನದ ಸಹ ಪೈಲಟ್ ಆಗೋಕೆ ಚೆನ್ನಾಗಿದೆ. ಆದರೆ ಆ ಏರ್‌ಲೈನ್ ಮಧ್ಯದಲ್ಲಿ ಕೈಬಿಟ್ಟರೆ ಆ ಅರ್ಧ ತರಬೇತಿ ಹಿಡಿದುಕೊಂಡು ಬೇರೆ ಕಡೆ ಹೋಗುವುದು ಕಷ್ಟ.

ಅರ್ಧಂಬರ್ಧ
ಒಟ್ಟಿಗೆ ಮಾಡಿದವರು ಇದ್ದೀರಾ ಅಂದರು. ನಾನು ಮಾಡೋಕೆ ಹೋದೆ. ಬೆಳಿಗ್ಗೆ ಕ್ಲಾಸ್, ಮಧ್ಯಾಹ್ನ ಹಾರಾಟ. ಬೆಳಿಗ್ಗೆ ಗಾಳಿ ಶಾಂತ ಇರುತ್ತದೆ, ಆಗ ನಾನು ಕ್ಲಾಸಿನಲ್ಲಿ. ಮಧ್ಯಾಹ್ನ ಬಿಸಿಗಾಳಿ ಎದ್ದು ಹಾರಾಟ ರದ್ದು, ಆಗ ನಾನು ಕ್ಲಬ್ಬಿನ ಬೆಂಚಿನ ಮೇಲೆ. ಎರಡು ದೋಣಿಯಲ್ಲಿ ಕಾಲು. ವಾರಕ್ಕೊಮ್ಮೆ ಹಾರಿದರೆ ಕಳೆದ ವಾರ ಕಲಿತದ್ದು ಮರೆತಿರುತ್ತದೆ, ಅದನ್ನೇ ಮತ್ತೆ ಹಣ ಕೊಟ್ಟು ಕಲಿಯಬೇಕು. ಪ್ರೈವೇಟ್ ಲೈಸೆನ್ಸ್‌ಗೆ ಕನಿಷ್ಠ 40 ಗಂಟೆ ಅನ್ನುತ್ತಾರೆ. ನನಗೆ 83 ಆಯಿತು. ಡಿಗ್ರಿಯಲ್ಲಿ ಎರಡು ವಿಷಯ ಬಾಕಿ.

ಬಿಟ್ಟಿಲ್ಲ, ಎರಡನ್ನೂ. ಆದರೆ ಬೇಡ ಅಂತಲೇ ಹೇಳುತ್ತೇನೆ. ಒಂದರ ನಂತರ ಒಂದು. ಲೈಸೆನ್ಸ್ ಬಂದ ಮೇಲೆ ದೂರಶಿಕ್ಷಣದಲ್ಲಿ ಡಿಗ್ರಿ ಮಾಡಿದವರು ಬೇಕಾದಷ್ಟು ಜನ ಇದ್ದಾರೆ. ಹೋಟೆಲ್ ರೂಮಿನಲ್ಲಿ ರಾತ್ರಿ ಮಾಡೋಕೆ ಇನ್ನೇನಿದೆ?

ಟವರ್ರಾತ್ರಿಪಾಳಿ
ಒಂದು ಕೆಲಸ ಮಾಡು ತಂಗಿ. ಯೂನಿವರ್ಸಿಟಿಗೆ ಮೇಲ್ ಬರೆದು, ಸೀಟನ್ನು ಒಂದು ವರ್ಷ ಮುಂದಕ್ಕೆ ಹಾಕಿಕೊಡುತ್ತೀರಾ ಅಂತ ಕೇಳು. ಕೆಲವು ಕಡೆ ಕೊಡುತ್ತಾರೆ. ಫೋನಿನಲ್ಲಿ ಬೇಡ, ಬರವಣಿಗೆಯಲ್ಲಿ ಇರಲಿ. ಆ ಮಧ್ಯೆ ಮೆಡಿಕಲ್ ಮಾಡಿಸು, ಒಂದು ಪರಿಚಯದ ಹಾರಾಟಕ್ಕೆ ಹೋಗು. ಮೊದಲ ಸಲ ಮೇಲೆ ಹೋಗಿ ವಾಂತಿ ಮಾಡಿಕೊಂಡು ಆಸೆ ಇಳಿದವರೂ ಇದ್ದಾರೆ.

ಬೋಧಕಿ172
ಅದಕ್ಕೇ ಸೀಟಿನ ಹಿಂದೆ ಚೀಲ ಇಟ್ಟಿರುತ್ತೇವೆ. ಮತ್ತೆ ತಂಗಿ, ಪೂರ್ತಿ ಫೀಸ್ ಒಂದೇ ಸಲ ಕಟ್ಟಬೇಡ, ಎಷ್ಟೇ ರಿಯಾಯಿತಿ ಕೊಟ್ಟರೂ. ಹಾರಿದಷ್ಟಕ್ಕೆ ಕಟ್ಟು. ನಾನು ಮೊದಲು ಕೆಲಸ ಮಾಡುತ್ತಿದ್ದ ಸ್ಕೂಲು ಒಂದು ಸೋಮವಾರ ಬೆಳಿಗ್ಗೆ ಬೀಗ ಹಾಕಿತ್ತು. ಗೇಟಿನ ಹೊರಗೆ 30 ಮಕ್ಕಳು ಲಾಗ್‌ಬುಕ್ ಹಿಡಿದುಕೊಂಡು ನಿಂತಿದ್ದರು.

ಕಿಟಕಿಸೀಟು
ಎರಡು ವಾರ ಮಾಯವಾಗಿದ್ದಕ್ಕೆ ಕ್ಷಮಿಸಿ. ಏನೇನಾಯಿತು ಹೇಳುತ್ತೇನೆ.

ಮೆಡಿಕಲ್ ಪಾಸ್. ಕನ್ನಡಕ ಹಾಕಿಕೊಂಡಿರಬೇಕು, ಇನ್ನೊಂದು ಜೊತೆ ಇಟ್ಟುಕೊಳ್ಳಬೇಕು ಅಂತ ಸರ್ಟಿಫಿಕೇಟ್ ಮೇಲೆ ಬರೆದಿದ್ದಾರೆ, ಬಿಳಿಕೋಟು ಸರ್ ಹೇಳಿದ ಹಾಗೇ. ಫ್ಲೈಯಿಂಗ್ ಸ್ಕೂಲಿನ ಹ್ಯಾಂಗರ್‌ಗೂ ಹೋಗಿದ್ದೆ. ಒಂಬತ್ತು ವಿಮಾನ ಅಂತ ಪುಸ್ತಿಕೆಯಲ್ಲಿದೆ. ಮೂರು ಹಾರುತ್ತವೆ. ಒಂದಕ್ಕೆ ಇಂಜಿನ್ ಇರಲಿಲ್ಲ, ಜಾಗದಲ್ಲಿ ಪ್ಲಾಸ್ಟಿಕ್ ಹೊದಿಸಿತ್ತು. ಅಲ್ಲಿನ ಹುಡುಗನೊಬ್ಬ ಕಳೆದ ತಿಂಗಳು ನಾಲ್ಕು ಗಂಟೆ ಹಾರಿದೆ ಅಂದ. ಆ ಸ್ಕೂಲಿಗೆ ಬೇಡ ಅಂತ ಹೇಳಿದ್ದೇನೆ.

ಯೂನಿವರ್ಸಿಟಿಯವರು ಸೀಟು ಮುಂದಕ್ಕೆ ಹಾಕೋಕೆ ಆಗುವುದಿಲ್ಲ ಅಂದರು. ಹಾಗಾಗಿ ಈ ವರ್ಷ ಫಿಸಿಕ್ಸ್‌ಗೆ ಸೇರುತ್ತಿದ್ದೇನೆ. ಮೇಷ್ಟ್ರೇ, ಮುಂದಿನ ಬೆಂಚು. ಕ್ಯಾಡೆಟ್ ಯೋಜನೆಗೆ ಪ್ರತಿ ವರ್ಷ ಅರ್ಜಿ ಹಾಕುತ್ತೇನೆ. ಮನೆ ಅಡ ಇಡದೆ ಸಿಕ್ಕರೆ ಅವತ್ತೇ ಕ್ಲಾಸಿನಿಂದ ಎದ್ದು ಹೋಗುತ್ತೇನೆ. ಅಮ್ಮನಿಗೆ ಇದನ್ನು ಹೇಳಿದಾಗ "ಅರ್ಜಿ ಯಾವಾಗ ಬರುತ್ತೆ?" ಅಂತ ಅವರೇ ಕೇಳಿದರು.

ಪರಿಚಯದ ಹಾರಾಟಕ್ಕೆ ಬೇರೊಂದು ಕ್ಲಬ್ಬಿಗೆ ಹೋದೆವು. ಅಪ್ಪ ಹಿಂದಿನ ಸೀಟಿನಲ್ಲಿ. ಹತ್ತು ನಿಮಿಷ ನನ್ನ ಕೈಗೆ ಕೊಟ್ಟರು. ವಾಂತಿ ಆಗಲಿಲ್ಲ. ಅಪ್ಪ ಮೇಲೆ ಇದ್ದಾಗಲೂ ಮಾತಾಡಲಿಲ್ಲ, ಇಳಿದ ಮೇಲೂ ಇಲ್ಲ. ರಾತ್ರಿ ಮಲಗುವ ಮುಂಚೆ ಬಂದು ಕೇಳಿದರು, "ಆ ಎರಡು ಸೀಟಿನ ಮಧ್ಯೆ ಕೆಳಗೆ ಒಂದು ಚಕ್ರ ಇತ್ತಲ್ಲ, ಅವರು ಆಗಾಗ ತಿರುಗಿಸುತ್ತಿದ್ದರು. ಅದು ಯಾತಕ್ಕೆ?"

ನನಗೂ ಸರಿಯಾಗಿ ಗೊತ್ತಿಲ್ಲ. ಯಾರಾದರೂ ಹೇಳಿ.

ಬೋಧಕಿ172
ಅದು ಟ್ರಿಮ್. ಬಾಲದ ಎಲಿವೇಟರ್ ಅಂಚಿನಲ್ಲಿ ಒಂದು ಸಣ್ಣ ಪಟ್ಟಿ ಇದೆ. ಚಕ್ರ ತಿರುಗಿಸಿದರೆ ಅದು ಮೇಲೆ ಕೆಳಗೆ ಬಾಗುತ್ತದೆ. ಆಗ ಮೂಗನ್ನು ಹಿಡಿದಿಡೋಕೆ ಕೈಯಿಂದ ಎಳೆಯುತ್ತಾ ಕೂರಬೇಕಿಲ್ಲ, ಎರಡು ಬೆರಳು ಸಾಕು.

ಕಿಟಕಿಸೀಟು
ಓದಿ ಹೇಳಿದೆ. "ಎಡಕ್ಕೆ ಬಲಕ್ಕೂ ಅಂಥ ಚಕ್ರ ಇಲ್ವಾ?" ಅಂತ ಕೇಳುತ್ತಿದ್ದಾರೆ. ಪೆನ್ನು ಪೇಪರ್ ತಂದಿದ್ದಾರೆ.

ಹಳೇಕ್ಯಾಪ್ಟನ್
ಅವರಿಗೆ ವಯಸ್ಸೆಷ್ಟು? ಸೀನಿಯಾರಿಟಿ ನೋಡಬೇಕು.